ಅವ್ವನ ಹಾಡು: ಗುರಿ ನಂಬರ್ ನಾಲ್ಕು

ಮೂವತ್ತಾರು ವರ್ಷ ನಾನು ಸೋಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದೆ. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು, ಎಷ್ಟು ನಿಮಿಷ ತಡವಾಯಿತು ಎಂದು ಬರೆಯುವುದು ನನ್ನ ಕೆಲಸ. ಇಂಥವನಿಗೆ ನಿವೃತ್ತಿ ಜೀವನ ನಡೆಸುವುದು ಏನು ಮಹಾ ಕಷ್ಟ? ನಿವೃತ್ತಿಯಾದ ಮರುದಿನ ಬೆಳಿಗ್ಗೆ ಎಂಟು ಗಂಟೆಯೊಳಗೆ ನನ್ನ ಮುಂದಿನ ಹತ್ತು ವರ್ಷಗಳ ಗುರಿಗಳು ದೊಡ್ಡ ಹಾಳೆಯ ಮೇಲೆ ಸಿದ್ಧವಾಗಿ ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡಿದ್ದವು.

ಒಂದು, ಕಣ್ಣಿನ ಪೊರೆ ತೆಗೆಸುವುದು. ಎರಡು, ಸೋರುವ ಮಾಳಿಗೆಯನ್ನು ದುರಸ್ತಿ ಮಾಡಿಸುವುದು. ಮೂರು, ಮನೆಯ ಕಾಗದಪತ್ರಗಳನ್ನೆಲ್ಲ ಹೊಂದಿಸಿ ಫೈಲು ಮಾಡುವುದು. ನಾಲ್ಕು, ಅವ್ವನ ಹಾಡುಗಳನ್ನು ಬರೆದಿಡುವುದು. ಐದು, ಯೋಗ. ಪಕ್ಕದಲ್ಲಿ ದಿನಚರಿಯ ಕಾಲಮ್ಮು.

ಹೆಂಡತಿ ಶಾಂತಾ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಎಲ್ಲವನ್ನೂ ಓದಿದಳು.

"ಇದ್ರಾಗ ನಾ ಎಲ್ಲಿದೀನ್ರಿ?"

"ದಿನಚರಿ ನೋಡು. ಆರು ಹತ್ತಕ್ಕ ಚಹಾ."

"ಅದು ಚಹಾ ಆತು. ನಾ ಎಲ್ಲಿದೀನಿ?"

ನಾನು ಪೆನ್ನು ತೆಗೆದು 'ಶಾಂತಾಳ ಚಹಾ' ಎಂದು ತಿದ್ದಿದೆ. ಅಂದಿನಿಂದ ಆರು ಹತ್ತರ ಚಹಾ ಆರೂವರೆಗೆ ಬರತೊಡಗಿತು.

ಆಕೆ ಇನ್ನೊಂದು ಮಾತು ಕೇಳಿದ್ದಳು. "ಅತ್ತಿಯವ್ರ ಹಾಡು ನಾಕನೇ ನಂಬರ್ ಯಾಕ್ರಿ? ಅವು ಬರೂದು ನಿಮ್ಮ ಅಕ್ಕಾರಿಗಿ, ಅವ್ರಿಗಿ ಎಪ್ಪತ್ತು ದಾಟ್ಯಾವು. ಮಾಳಿಗಿ ಎಲ್ಲಿ ಓಡಿ ಹೋಗತೈತಿ?"

"ಹಾಡಿಗೇನು ಅರ್ಜೆಂಟ್ ಇಲ್ಲ. ಕ್ರಮಾ ಅಂದ್ರ ಕ್ರಮಾ," ಎಂದೆ.

ಈ ಹಾಡಿನ ವಿಷಯ ಹೇಳಬೇಕು. ನಮ್ಮ ಊರು ವಳಸಂಗ. ನಾನು ಎಂಟನೆಯ ಇಯತ್ತೆ ಓದುತ್ತ ಸೋಲಾಪುರದ ಬೋರ್ಡಿಂಗಿನಲ್ಲಿದ್ದಾಗ ಅವ್ವ ತೀರಿಕೊಂಡಳು. ಅವಳ ಒಂದು ಫೋಟೋ ಕೂಡ ಇಲ್ಲ. ಮುಖ ಅರ್ಧ ಮರೆತಿದೆ. ಉಳಿದದ್ದೆಂದರೆ ಅವಳು ನಸುಕಿನಲ್ಲಿ ಜೋಳ ಬೀಸುತ್ತ ಹಾಡುತ್ತಿದ್ದ ಹಾಡುಗಳು. ಅವು ನನಗಿಂತ ಹದಿಮೂರು ವರ್ಷ ದೊಡ್ಡವಳಾದ, ಮೈಂದರ್ಗಿಗೆ ಮದುವೆಯಾಗಿ ಹೋದ ನನ್ನ ಅಕ್ಕ ಗಂಗಕ್ಕನ ಬಾಯಲ್ಲಿ ಭದ್ರವಾಗಿವೆ ಎಂದು ನಾನು ತಿಳಿದಿದ್ದೆ. ಅಕ್ಕ ಗಟ್ಟಿಯಾಗಿದ್ದಳು. ಮಾಳಿಗೆ ಸೋರುತ್ತಿತ್ತು. ಯಾವುದೇ ಶಿಸ್ತಿನ ಮನುಷ್ಯ ಏನು ಮಾಡುತ್ತಾನೋ ನಾನೂ ಅದನ್ನೇ ಮಾಡಿದೆ.

ಮೊದಲ ಮೂರು ಗುರಿಗಳಿಗೆ ಒಂದೂವರೆ ವರ್ಷ ಹಿಡಿಯಿತು. ಕಾಗದಪತ್ರದ ಕೆಲಸ ನಡೆದಿದ್ದಾಗ ವಳಸಂಗದ ಕಾಕು, ನಮ್ಮ ಚಿಕ್ಕಪ್ಪನ ಹೆಂಡತಿ, ತೀರಿಕೊಂಡರು. ಮಣ್ಣಿಗೆ ಹೋಗಿ, ಕೈಮುಗಿದು, ಎರಡೂಕಾಲರ ಬಸ್ಸಿಗೆ ವಾಪಸಾದೆ. ಫೈಲಿನ ಕೆಲಸಕ್ಕೆ ಅಡ್ಡಿಯಾಗಲಿಲ್ಲ.

ಕೊನೆಗೆ ನಾಲ್ಕನೆಯ ಗುರಿಯ ಮೊದಲ ಶನಿವಾರ ಬಂತು. ಗೆರೆ ಹಾಕಿದ ದಪ್ಪ ಪುಸ್ತಕ, ಅದರಲ್ಲಿ ಮೂರು ಕಾಲಮ್ಮು: ಅನುಕ್ರಮ ನಂಬರು, ಹಾಡು, ಷರಾ. ಸಮಯ ಹತ್ತರಿಂದ ಹನ್ನೆರಡು. ಎಂಟು ಶನಿವಾರದಲ್ಲಿ ಕೆಲಸ ಮುಕ್ತಾಯ. ನಾನು ಮೈಂದರ್ಗಿ ಮುಟ್ಟಿದಾಗ ಅಕ್ಕನ ಮಗ, ಸೊಸೆ ಅಂಗಡಿಗೆ ಹೋಗಿದ್ದರು. ನಾನು ಗಡಿಯಾರ ನೋಡಿ ಪೆನ್ನಿನ ಮುಚ್ಚಳ ತೆಗೆದೆ.

"ಹಾಡು ಅಕ್ಕಾ."

"ಏನ್ ಹಾಡ್ಲೋ?"

"ಒಂದನೇ ನಂಬರಿಂದು."

"ಹಾಡಿಗಿ ನಂಬರ್ ಎಲ್ಲಿಂದು ಬಂತೋ ತಮ್ಮಾ? ಅವೇನ್ ಬಸ್ಸೇನು?"

ಆದರೂ ತಮ್ಮ ಬಂದಿದ್ದಾನೆಂದು ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡು ಹೇಳಿದಳು, "ಹಿಂಗ ಸುಮ್ಮ ಕುಂತ್ರ ಬರೂದಿಲ್ಲೋ. ಕಲ್ಲು ತಿರಗಬೇಕು, ಅಂದ್ರ ತಾನಾ ಬರತಾವು."

ಆ ದಿನದ ನೋಂದಣಿ: ಚಹಾ ಎರಡು ಸಲ, ಹಾಡು ಇಲ್ಲ.

ಬೀಸುಕಲ್ಲು ಹಿತ್ತಲಲ್ಲಿತ್ತು. ಮನೆಗೆ ಗಿರಣಿ ಹಿಟ್ಟು ಬರತೊಡಗಿದ ಮೇಲೆ ಅದು ಬೋರಲಾಗಿ ಬಿದ್ದು ಬಟ್ಟೆ ಒಗೆಯುವ ಕಲ್ಲಾಗಿತ್ತು. ಎರಡನೆಯ ಶನಿವಾರ ಅದನ್ನು ಒಳಗೆ ತರುವ ಕಾರ್ಯಕ್ರಮ. "ಇಬ್ರು ಗಂಡಸರು ಬೇಕೋ ಅದಕ್ಕ, ಸಂಜಿಮಟ ತಡಿ," ಎಂದಳು ಅಕ್ಕ. ಸಂಜೆ ನನ್ನ ವೇಳಾಪಟ್ಟಿಯಲ್ಲಿ ಇರಲಿಲ್ಲ. ಒಬ್ಬನೇ ಎತ್ತಿದೆ. ಬೆನ್ನಿನಲ್ಲಿ ಏನೋ ಟಕ್ ಎಂದಿತು. ಕಲ್ಲು ಅಲ್ಲೇ ಇತ್ತು. ಸೀಟು ಖಾಲಿ ಇದ್ದರೂ ಸೋಲಾಪುರದವರೆಗೆ ನಿಂತೇ ಬಂದೆ, ಕೂರಲು ಬರುತ್ತಿರಲಿಲ್ಲ.

ಶಾಂತಾ ಎಣ್ಣೆ ತಿಕ್ಕುತ್ತ, "ಹಾಳಿ ಮ್ಯಾಲೆ ಬರೀಲೇನ್ರಿ? ಗುರಿ ನಂಬರ್ ಆರು, ಸೊಂಟ," ಎಂದಳು.

ಎರಡು ಶನಿವಾರ ರದ್ದಾದವು. ಅಷ್ಟರಲ್ಲಿ ಅಕ್ಕನ ಮಗ ಕಲ್ಲನ್ನು ಪಡಸಾಲೆಗೆ ತಂದಿಟ್ಟಿದ್ದ. ಆದರೆ ಒಳಮೈ ಸವೆದು ನುಣುಪಾಗಿತ್ತು. ಜೋಳ ಹೇಗೆ ಹೋಗಿತ್ತೋ ಹಾಗೇ ಹೊರಗೆ ಬರುತ್ತಿತ್ತು. ಉಳಿಯಿಂದ ಕಚ್ಚು ಹೊಡೆಯಬೇಕು. ಹಿಂದೆ ಆ ಕೆಲಸಕ್ಕೆ ಮನೆ ಮನೆಗೆ ಬರುತ್ತಿದ್ದವರು ಈಗ ಬರುವುದಿಲ್ಲ. ನಾನು ಅಕ್ಕಲಕೋಟದ ಪೇಟೆಯಲ್ಲಿ ಉಳಿ, ಸುತ್ತಿಗೆ ಕೊಂಡು, ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಅಳತೆಯ ಗೆರೆ ಎಳೆದು ಕೂತೆ. ನೂರು ಪೆಟ್ಟಿನಲ್ಲಿ ತೊಂಬತ್ತು ಕಲ್ಲಿಗೆ ಬಿದ್ದವು. ಉಳಿದ ಹತ್ತರ ಗುರುತು ಎಡಗೈ ಹೆಬ್ಬೆರಳಿನ ಮೇಲೆ ಇನ್ನೂ ಇದೆ.

ಪರೀಕ್ಷೆಗೆಂದು ನಾನೇ ಬೀಸಿದ ಹಿಟ್ಟಿನಲ್ಲಿ ಮಾಡಿದ ರೊಟ್ಟಿಯ ಮೊದಲ ತುತ್ತನ್ನು ಅಕ್ಕ ಬಾಯಲ್ಲಿಟ್ಟು, ನಿಧಾನವಾಗಿ ಹೊರಗೆ ತೆಗೆದಳು.

"ತಮ್ಮಾ, ನನಗ ಉಳದಾವ ನಾಕ ಹಲ್ಲು."

ಮುಂದಿನ ಶನಿವಾರ ಕಲ್ಲು ತೊಳೆದು, ಮತ್ತೆ ಬೀಸಿ, ಮತ್ತೆ ತೊಳೆದ ಮೇಲೆ ಅಕ್ಕ ಕಾಲು ಚಾಚಿ ಕೂತಳು. ಗೂಟ ಹಿಡಿದಳು. ನಾಲ್ಕು ಸುತ್ತು ಸುಮ್ಮನೆ ತಿರುಗಿತು. ಆಮೇಲೆ ದನಿ ಬಂತು. ಎಪ್ಪತ್ತು ದಾಟಿದವಳ ದನಿಯಲ್ಲ ಅದು. ನಮ್ಮ ವಳಸಂಗದ ಮನೆಯ ಕತ್ತಲು, ಚಿಮಣಿ ದೀಪದ ವಾಸನೆ ಎಲ್ಲ ಅದರಲ್ಲಿತ್ತು. ನನಗೆ ಅಕ್ಷರ ಮಸಕಾದವು. ಪೊರೆ ತೆಗೆಸಿದ ಕಣ್ಣು, ಹೀಗಾಗಬಾರದಿತ್ತು. ಹೇಗೋ ಹದಿನೇಳು ನಂಬರು ಬರೆದುಕೊಂಡೆ.

ನಂತರ ತಾಳೆ ನೋಡಲು ಗಟ್ಟಿಯಾಗಿ ಓದಿದೆ. ನಂಬರ್ ಒಂದು: 'ಹೊಲದ ಬದುವಿಗಿ ನಿಂತು ಕರದಾಳ.' ಮುಂದೆ ಏನೂ ಇಲ್ಲ. ಹಿಂದೆಯೂ ಇಲ್ಲ. ನಂಬರ್ ಎರಡು: 'ಅಂತ ಹೇಳಿ ಕಳವ್ಯಾಳ ನನ ತಂಗಿ.' ಏನಂತ ಹೇಳಿ?

"ಅಕ್ಕಾ, ಯಾರು ಕರದ್ರು? ಯಾರಿಗಿ?"

"ಅದು ಮುಂದಿಂದ್ರಾಗ ಬರತೈತಿ."

"ಹಂಗಾರ ಮುಂದಿಂದು ಹಾಡು."

"ಮುಂದಿಂದು ನಂದಲ್ಲೋ. ಇಬ್ರು ಎದುರಾ ಎದುರು ಕುಂತು ಬೀಸೂದು. ಒಬ್ಬಾಕಿ ಮುಂದ ಹಾಡತಾಳ, ಇನ್ನೊಬ್ಬಾಕಿ ಹಿಂದಿಂದು ಹಿಡೀತಾಳ. ಅವ್ವ ಮುಂದ, ನಾ ಹಿಂದ. ನನ್ನ ಬಾಯಾಗ ನಂದಽ ಉಳದೈತಿ."

"ಅವ್ವ ಹೋದ ಮ್ಯಾಲೆ?"

"ನಾ ತವರಿಗಿ ಹೋದಾಗ ಕಾಕು ಹಾಡತಿದ್ಲು. ಅವ್ವನ ಹಾಡು ಪೂರಾ ಬರತಿತ್ತು ಆಕಿಗಿ, ಬರಾಬರ್ ಅವ್ವನಂಗಽ."

"ಯಾವ ಕಾಕು?" ಎಂದು ಕೇಳಿದೆ. ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆ ಅದು.

ಅಕ್ಕ ಕಲ್ಲು ನಿಲ್ಲಿಸಿದಳು. "ನಮಗ ಎಷ್ಟ ಮಂದಿ ಕಾಕು ಇದ್ರೋ? ವಳಸಂಗದಾಕಿ. ಮಣ್ಣಿಗಿ ನೀ ಬಂದಿದ್ದೆಲ್ಲ."

ಬಂದಿದ್ದೆ. ಸೋಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ಬಸ್ಸು ವಳಸಂಗದ ಮೇಲೆಯೇ ಹೋಗುತ್ತದೆ. ಮೂವತ್ತಾರು ವರ್ಷ ಆ ಬಸ್ಸನ್ನು ನಾನೇ ಹೊತ್ತಿಗೆ ಸರಿಯಾಗಿ ಬಿಟ್ಟಿದ್ದೇನೆ. ನಾನು ನಿವೃತ್ತಿಯಾದ ಮೇಲೂ ಕಾಕು ಒಂದು ವರ್ಷಕ್ಕಿಂತ ಹೆಚ್ಚು ಬದುಕಿದ್ದರು. ಆಗ ನಾನು ಮಾಳಿಗೆಯ ಮೇಲಿದ್ದೆ.

"ಇನ್ನ ಯಾರಿಗಿ ಬರತಾವ ಅಕ್ಕಾ?"

"ನಿನಗ ಬರಬೇಕಪಾ. ಅವ್ವ ಬೀಸುವಾಗ ಆಕಿ ತೊಡಿ ಮ್ಯಾಲೆ ತಲಿ ಇಟ್ಟು ಮಲಗಾಂವ ನೀನಽ. ಸಾಲಿಗಿ ಹೋಗೂಮಟ ಅದಽ ನಿನ್ನ ಹಾಸಗಿ. ನಿನ್ನ ಕಿವ್ಯಾಗ ಹಾಡ್ಯಾಳ ಆಕಿ. ನೆನಪ ಮಾಡು."

ಕಣ್ಣು ಮುಚ್ಚಿದೆ. ಅಕ್ಕ ಮೆಲ್ಲಗೆ ಕಲ್ಲು ತಿರುಗಿಸಿದಳು. ತಲೆಯೊಳಗೆ ಏನೋ ಕದಲಿತು, ಸಾಲು ಸಾಲಾಗಿ ಬರತೊಡಗಿತು. ಐದು ನಲವತ್ತು, ದುಧನಿ. ಆರು ಐದು, ಅಕ್ಕಲಕೋಟ, ವಳಸಂಗ ಮಾರ್ಗ. ಆರು ಇಪ್ಪತ್ತು, ಮಂಗಳವೇಢೆ. ಇಡೀ ದಿನದ ಪಟ್ಟಿ, ಒಂದು ನಿಮಿಷದ ತಪ್ಪಿಲ್ಲದೆ. ಅವ್ವನದು ಒಂದು ಶಬ್ದವೂ ಬರಲಿಲ್ಲ.

"ಏನರ ಬಂತೇನೋ?"

"ಇಲ್ಲ ಅಕ್ಕಾ."

ಅವಳು ಹಿಟ್ಟಿನ ಕೈಯಿಂದಲೇ ನನ್ನ ತಲೆ ಸವರಿದಳು. "ಇರ್ಲಿ ಬಿಡು. ನಿದ್ದಿ ಹತ್ತತಿತ್ತು ನಿನಗ. ಸಣ್ಣ ಕೂಸು."

ಬಿಳಿ ತಲೆ ಹೊತ್ತು ಮನೆಗೆ ಬಂದವನನ್ನು ಶಾಂತಾ ನೋಡಿದಳು. ನಡೆದದ್ದನ್ನು ಹೇಳಿದೆ. ಅವಳು ಬೈಯಲಿಲ್ಲ, 'ನಾ ಅವತ್ತಽ ಹೇಳಿದ್ದಿಲ್ಲೇನು' ಎನ್ನಲಿಲ್ಲ. ಅಂದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. ಟವೆಲ್ ತಂದುಕೊಟ್ಟಳು.

ಈಗಲೂ ಶನಿವಾರ ಮೈಂದರ್ಗಿಗೆ ಹೋಗುತ್ತೇನೆ. ಪುಸ್ತಕ ಒಯ್ಯುವುದಿಲ್ಲ. ಅಕ್ಕನ ಎದುರಿಗೆ ಕೂತು ಗೂಟ ಹಿಡಿಯುತ್ತೇನೆ. ಮುಂದಿನ ಸಾಲು ಬರಬೇಕಾದಲ್ಲಿ ಕಲ್ಲು ಮಾತ್ರ ತಿರುಗುತ್ತದೆ, ಆಮೇಲೆ ಅಕ್ಕ ತನ್ನ ಸಾಲನ್ನು ಹೊತ್ತಿಗೆ ಸರಿಯಾಗಿ ಹಿಡಿಯುತ್ತಾಳೆ. ಒಮ್ಮೆ ಆ ಖಾಲಿ ಜಾಗ ತುಂಬಲೆಂದು ಹೂಂ ಹೂಂ ಎಂದು ಏನೋ ಗುನುಗಿದೆ.

"ನೀ ಸುಮ್ಮ ಬೀಸು," ಎಂದಳು ಅಕ್ಕ. "ಅದು ಅವ್ವನ ಜಾಗಾ."

ಸ್ವಲ್ಪ ಹೊತ್ತಿನ ಮೇಲೆ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ, "ದಪ್ಪ ಬರಾಕತ್ತೈತಿ, ಜೋರು ತಿರವಬ್ಯಾಡ," ಎಂದಳು.

ಹಳೆಯ ಸಹೋದ್ಯೋಗಿಗಳು ಸಿಕ್ಕಾಗ ನನ್ನ ನಿವೃತ್ತಿ ಜೀವನದ ಗುರಿ ಏನೆಂದು ಕೇಳುತ್ತಾರೆ. ವಾರಕ್ಕೆ ಎರಡು ಸೇರು ಜೋಳ ಬೀಸುವುದು ಎನ್ನುತ್ತೇನೆ. ಆ ಹಿಟ್ಟನ್ನು ಅಕ್ಕನ ಮನೆಯ ಎಮ್ಮೆ ತಿನ್ನುತ್ತದೆ ಎಂಬುದನ್ನು ಹೇಳುವುದಿಲ್ಲ.