ಇಂಗ್ಲಿಷ್ ಬಾರದ ಅತ್ತೆಯ ಇಂಗ್ಲಿಷ್ ಪಾಠ

ನರೇಗಲ್ಲಿನಲ್ಲಿ ಇಂಗ್ಲಿಷ್ ಬರೆಯಲು ಕಲಿಸುವುದರಲ್ಲಿ ನಮ್ಮ ಸೋದರತ್ತೆಯನ್ನು ಮೀರಿಸುವವರಿಲ್ಲ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ ಎಂಬುದೊಂದೇ ಕೊರತೆ!

ಇದು ಹೇಗೆ ಸಾಧ್ಯ? ನನಗೂ ಅದೇ ಕುತೂಹಲ. ಜೊತೆಗೆ ಬೇರೆ ಗತಿಯೂ ಇರಲಿಲ್ಲ. ನನ್ನ ಮಗಳು ಇಂಗ್ಲಿಷ್ ಗೈಡಿನ ಪ್ರಬಂಧಗಳನ್ನೆಲ್ಲ ಬಾಯಿಪಾಠ ಮಾಡಿದ್ದಳು. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗೈಡಿನಲ್ಲಿಲ್ಲದ್ದೇ ಬಂತು. ಖಾಲಿ ಹಾಳೆ ಕೊಟ್ಟು ಬಂದವಳು ಮುಖ್ಯ ಪರೀಕ್ಷೆಯನ್ನೇ ಬರೆಯುವುದಿಲ್ಲವೆಂದು ಹಟ ಹಿಡಿದಳು. ಗಜೇಂದ್ರಗಡದಿಂದ ಬಸ್ಸು ಹತ್ತಿಸಿ ಅತ್ತೆಯ ಮನೆಗೆ ಕರೆತಂದೆ.

ಅತ್ತೆ ಕಟ್ಟೆಯ ಮೇಲೆ ಮೆಂತೆಸೊಪ್ಪು ಸೋಸುತ್ತ ಕುಳಿತಿದ್ದಳು. ಎದುರಿಗೆ ಒಬ್ಬ ಹುಡುಗಿ ಸಮುದ್ರದ ಬಗ್ಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಒಪ್ಪಿಸುತ್ತಿದ್ದಳು.

"ಸಮುದ್ರ ಕಂಡಿಯೇನ?"

"ಇಲ್ರಿ."

"ಮಲಪ್ರಭಾ?"

"ಕೊಣ್ಣೂರ ಬ್ರಿಜ್ ಮ್ಯಾಲೆ ನೀರ ಬಂದಾಗ ಕಂಡೀನ್ರಿ."

"ಮತ್ತ ಅದನ್ನ ಬರಿ. ಸಮುದ್ರದ್ದೇನ ಕೆಲಸ?"

ಮುಂದಿನ ಸರದಿ ನನ್ನ ಮಗಳದು.

"ನಾಯಿ ಭಾಳ ನಿಯತ್ತಿನ ಪ್ರಾಣಿ ಅಂತ ಬರದೀನಿ, ಆಯಿ."

"ಯಾವ ನಾಯಿ?"

"ಎಲ್ಲಾ ನಾಯಿ."

"ಹ್ವಾದ ವರ್ಷ ನಮ್ಮ ಓಣ್ಯಾಗ ನಿಮ್ಮಪ್ಪನ ಕಾಲ ಹಿಡೀತಲ್ಲ, ಅದೂನೂ?"

ಮಗಳು ನಕ್ಕಳು. ವಾರದಿಂದ ನಗದಿದ್ದವಳು! ನಾನು ಚಪ್ಪಲಿ ಬಿಟ್ಟು ಓಡಿದ ಚರಿತ್ರೆ ಇಂಗ್ಲಿಷಿನಲ್ಲಿ ಒಂದು ಪುಟವಾಯಿತು.

"ಅತ್ತಿ, ಸ್ಪೆಲ್ಲಿಂಗ್ ತಪ್ಪಿದ್ರ?" ಎಂದೆ, ಮಾನ ಉಳಿಸಿಕೊಳ್ಳಲು.

"ಅದನ್ನ ನೋಡಾಕ ಸಾಲ್ಯಾಗ ಸರ್ ಅದಾರ. ಸುಳ್ಳ ಬರದ್ರ ಹಿಡಿಯಾಕ ನಾ ಅದೀನಿ."

ಪ್ರತಿ ರವಿವಾರ ಬಂದೆವು. ಮಗಳು ಪರೀಕ್ಷೆಗೂ ಹೋದಳು, ಪಾಸೂ ಆದಳು. ಫಲಿತಾಂಶದ ದಿನ ಅತ್ತೆಯ ಬಗ್ಗೆಯೇ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ತಂದಳು. ವಾಡಿಕೆಯಂತೆ ಕನ್ನಡದಲ್ಲಿ ಹೇಳಲು ಹೊರಟಳು.

"ಹೇಳಬ್ಯಾಡ," ಎಂದಳು ಅತ್ತೆ. ಒಳಗೆ ಹೋಗಿ ಹಾಸಿಗೆಯ ಕೆಳಗಿನಿಂದ ಒಂದು ನೋಟ್‌ಬುಕ್ ತಂದಳು. ಅದರಲ್ಲಿ ಎ ಯಿಂದ ಕೆ ವರೆಗೆ, ಪುಟಕ್ಕೊಂದು ಅಕ್ಷರ, ಸಾಲುಸಾಲಾಗಿ ತಿದ್ದಿದ್ದಳು.

"ನಮ್ಮ ಕಾಲಕ್ಕ ಐದನೇ ಕ್ಲಾಸಿನ್ಯಾಗ ಎಬಿಸಿಡಿ ಕಲಸ್ತಿದ್ರು, ತಮ್ಮಾ. ನಾಕಕ್ಕ ನನ್ನ ಸಾಲಿ ಬಿಡಿಸಿದ್ರು. ಈ ಹಾಳಿ ನಾನಽ ಓದತೀನಿ. ಸ್ವಲ್ಪ ತಡಾ ಆದೀತು."

ಅವಳಿಗೆ ಇಂಗ್ಲಿಷ್ ಬರುವುದಿಲ್ಲವೆಂದು ಊರೆಲ್ಲ ಹೇಳಿ ನಗಿಸಿದವನು ನಾನು. ಕಲಿಯುವ ಆಸೆ ಇದೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮಗಳು ಅತ್ತೆಗೆ ಒತ್ತಿ ಕುಳಿತು, ಹೊಸ ಪುಟ ತಿರುವಿ, ಎಲ್ ಬರೆದು ತೋರಿಸಿದಳು.