ಕುಂಕುಮ ಹಚ್ಚೂತನಕ ಬಸ್ಸು ಬಿಡಂಗಿಲ್ಲ

ನೌಕರಿಗಿ ಹೋಗೋ ಹೆಣ್ಣಮಗಳು ಮುಂಜಾನಿ ಕನ್ನಡಿ ಮುಂದ ನಿಂತಳಂದ್ರ ಆ ಮನ್ಯಾಗ ಏನರೆ ಒಂದು ಫಜೀತಿ ಆಗೇ ಆಗ್ತೈತಿ. ಈಗ ನನ್ನ ಸೊಸಿ ತಯಾರಾಗೂತನಕ ನನ್ನ ಮಗ ಹೊರಗ ಗಾಡಿ ಚಾಲೂ ಮಾಡ್ಕೊಂಡು ಗೊಣಗ್ತಾನ. ನಾನು ಸುಮ್ನ ನಗ್ತೇನಿ. ನಮ್ಮ ಕಾಲದಾಗ ಇಡೀ ಬಸ್ಸ ಗೊಣಗತಿತ್ತು.

ಎಪ್ಪತ್ತರ ದಶಕದ ಮಾತು. ಬಸವನ ಬಾಗೇವಾಡ್ಯಾಗ ಒಬ್ಬ ಆಯಿ ಮನಿಯ ಒಂದ ಖೋಲ್ಯಾಗ ನಾವು ಮೂರು ಮಂದಿ ಬಾಡಿಗಿ ಇದ್ವಿ. ನಾನು ಮುದ್ದೇಬಿಹಾಳದಾಕಿ, ಕನ್ನಡ ಸಾಲಿ ಅಕ್ಕೋರು. ಇನ್ನೊಬ್ಬಾಕಿ ಇಂಡಿ ಕಡೆ ಚಡಚಣದ ನರ್ಸಬಾಯಿ. ಮೂರನೇದಾಕಿ ಸಿಂದಗಿಯಾಕಿ, ನಮ್ಮ ಸಾಲಿ ಹೊಲಿಗಿ ಅಕ್ಕೋರು, ನಮ್ಮಾಗ ಸಣ್ಣಾಕಿ, ಇನ್ನೂ ಲಗ್ನ ಆಗಿರಲಿಲ್ಲ. ಮೂವರದ್ದೂ ನೌಕರಿ ಇಂಗಳೇಶ್ವರದ ದಾರ್ಯಾಗಿನ ಒಂದ ಹಳ್ಳ್ಯಾಗ. ಮುಂಜಾನಿ ಒಂದ ಬಸ್ಸು. ಅದು ತಪ್ಪಿದ್ರ ಮಧ್ಯಾಹ್ನದ ಮಟ ಮತ್ತೊಂದಿಲ್ಲ.

ಕನ್ನಡಿ

ಮೂವರಿಗೂ ಇದ್ದದ್ದು ಅಂಗೈ ಅಗಲದ ಒಂದು ಕನ್ನಡಿ. ಅದನ್ನ ನರ್ಸಬಾಯಿ ತನ್ನ ಎತ್ತರಕ್ಕ ಮೊಳಿ ಹೊಡೆದು ತೂಗಹಾಕಿದ್ಲು. ನಾನು ಗಿಡ್ಡಾಕಿ, ಮಣೆ ಮ್ಯಾಲ ಹತ್ತಿ ನಿಂತ್ರೂ ನನಗ ಕಾಣ್ತಿದ್ದದ್ದು ಬರೇ ನೆತ್ತಿ. ಬೈತಲಿ ಸೊಟ್ಟ ಆದ್ರ ನರ್ಸಬಾಯಿ ಕೆಡಿಸಿ ಮತ್ತ ತಗೀತಿದ್ಲು. ಅಷ್ಟರಾಗ ಹೊಲಿಗಿ ಅಕ್ಕೋರು ನಡುವ ತೂರಿ ಪೌಡರ್ ಹಚ್ಚಗೋತಿದ್ಲು.

ಆಯಿ ಕಟ್ಟಿ ಮ್ಯಾಲ ಕುಂತು ಜೋಳ ಹಸನ ಮಾಡ್ತಾ ದಿನಾ ಇದನ್ನ ನೋಡ್ತಿದ್ಲು. ಒಂದಿನ ತಡೀಲಾರದ ಕೇಳಿದ್ಲು, "ದಿನಾ ಮೂರೂ ಮಂದಿ ಅದರಾಗ ಏನ ಹುಡುಕತೀರವಾ? ಇನ್ನಾ ಸಿಕ್ಕಿಲ್ಲೇನು?"

ಹೆರಳು

ಹೊತ್ತು ಉಳಸಾಕ ಹೊಲಿಗಿ ಅಕ್ಕೋರು ಒಂದು ಹಂಚಿಕಿ ತಗದ್ಲು. ಮೂವರೂ ಗೋಲಾಗಿ ಕೂಡೂದು, ನನ್ನ ಹೆರಳು ಅಕಿ, ಅಕಿ ಹೆರಳು ನರ್ಸಬಾಯಿ, ನರ್ಸಬಾಯಿ ಹೆರಳು ನಾನು ಹಾಕೂದು. ಒಂದ ಸಲಕ್ಕ ಮೂರೂ ಮುಗೀತಾವು ಅಂದ್ಲು. ಖರೇನ ಚಲೋ ನಡೆದಿತ್ತು, ಬಸ್ಸಿನ ಹಾರ್ನ್ ಕೇಳೂತನಕ.

ಹಾರ್ನ್ ಕೇಳಿದ್ದೇ ತಡ, ನರ್ಸಬಾಯಿ ಗಡಬಡಿಸಿ ಎದ್ಲು. ಅಕಿ ಕೈಯಾಗ ಹೊಲಿಗಿ ಅಕ್ಕೋರ ಹೆರಳು, ಅಕಿನೂ ಚೀರಿ ಎದ್ಲು. ಅಕಿ ಕೈಯಾಗ ನನ್ನ ಹೆರಳು. ಎಳಿ ಬಿಡಾಕ ಯಾರಿಗೂ ಮನಸ್ಸಿಲ್ಲ, ಬಿಟ್ರ ಮತ್ತ ಮೊದಲಿಂದ ಹೆಣೀಬೇಕಲ್ಲ! ಹಂಗ ಒಬ್ಬರಿಗೊಬ್ಬರು ಜಗ್ಗಿಕೋತ ಬಾಗಿಲ ಮಟ ಬಂದ್ವಿ. ಆಯಿ ಜೋಳದ ಮೊರ ಬಾಜೂಕ ಸರಿಸಿ ದಾರಿ ಬಿಟ್ಲು. "ಗಾಣಕ್ಕ ಹೂಡಿದಂಗ ಆಗೇತಿ, ನೋಡಕೊಂಡ ಹೋಗ್ರಿ" ಅಂದ್ಲು.

ಬರೇ ಹಣಿ

ಬಸ್ಸಿನ ಡ್ರೈವರ್ ಕಾಕಾ ವಯಸ್ಸಾದಾವ, ಮಡಿವಂತ. ಒಂದಿನ ಹೊಲಿಗಿ ಅಕ್ಕೋರು ಕುಂಕುಮ ಹಚ್ಚೂದು ಮರೆತು ಓಡಿ ಬಂದು ಹತ್ತಿದ್ಲು. ಕಾಕಾ ಇಂಜಿನ್ನ ಬಂದ್ ಮಾಡಿದ. ಹೆಣ್ಣಮಗಳ ಬರೇ ಹಣಿ ನೋಡಿ ಮುಂಜಾನಿ ಗಾಡಿ ಹೊಡಿಯಂಗಿಲ್ಲ ಅಂದ. ಅಕಿ ಚೀಲದಾಗಿನ ಡಬ್ಬಿ ತಗದು, ಅವನ ಕನ್ನಡ್ಯಾಗ ನೋಡ್ಕೊಂಡು, ಕುಂಕುಮ ಹಿಡೀಲಂತ ಮೊದಲ ಮೇಣ ತಿದ್ದಿ, ಅದರ ಮ್ಯಾಲ ದುಂಡಗ ಕುಂಕುಮ ಹಚ್ಚಿದ ಮ್ಯಾಲನ ಬಸ್ಸು ಅಲುಗಾಡಿತು.

ನಮಗ ಮತ್ತೇನ ಬೇಕು? ಮರುದಿವಸದಿಂದ ಯಾರು ಮೊದಲ ತಯಾರಾಗ್ತಾರ ಅವರು ಮೇಣದ ಡಬ್ಬಿ ಹಿಡ್ಕೊಂಡು ಬರೇ ಹಣೀಲೆ ಓಡಿ ಹೋಗಿ ಬಸ್ಸು ಹತ್ತೂದು, ಉಳದವರು ಬರೂತನಕ ಸಾವಕಾಶ ಕುಂಕುಮ ತಿದ್ದೂದು. ಹಿಂದ ಕುಂತ ಒಬ್ಬ ಮುದುಕ ಅಂತಿದ್ದ, "ಇಷ್ಟೊತ್ತಿನ್ಯಾಗ ನಾ ಅರ್ಧ ಹೊಲ ಹರಗತಿದ್ನೆವಾ."

ಈ ಮಾತು ಆಯಿಗಿ ಹೇಳಿದ್ವಿ. ಅಕಿ ಗಂಡ ತೀರಿ ಭಾಳ ವರ್ಷ ಆಗಿತ್ತು. "ನನ್ನ ನೋಡಿದ್ರ ನಿಮ್ಮ ಕಾಕಾ ಗಾಡಿ ಬಿಟ್ಟು ಮನಿಗೇ ಹೋಗ್ತಾನ ಬಿಡ್ರಿ" ಅಂತ ನಕ್ಕಳು. ನಾವೂ ನಕ್ವಿ. ಆಮ್ಯಾಲ ಮನಸ್ಸಿಗಿ ಪಿಚ್ ಅನ್ನಿಸಿತು. ಆಯಿ ಕೈಯಾಗಿನ ಚಹಾ ಕುಡಿದ ನಮ್ಮ ಯಾವ ದಿವಸವೂ ಕೆಟ್ಟಿರಲಿಲ್ಲ.

ರುಮಾಲು

ನಮ್ಮ ಹೆಡ್ ಮಾಸ್ತರ್ರೂ ಅದ ಬಸ್ಸಿಗಿ ಬರ್ತಿದ್ರು. ತಲಿಗಿ ಸುತ್ತಿದ ಬಿಳಿ ರುಮಾಲು, ಒಂದು ಮಡಿಕಿ ಆಚೀಚಿ ಇರ್ತಿರಲಿಲ್ಲ. ಹೆಂಗಸರ ಸಿಂಗಾರ ಮುಗಿಯೂದ್ರಾಗ ಸೂರ್ಯ ನೆತ್ತಿಗಿ ಬರ್ತಾನಂತ ದಿನಾ ಚುಚ್ಚತಿದ್ರು. ಹೊಲಿಗಿ ಅಕ್ಕೋರು ಮೊದಮೊದಲ ಎರಡ್ಮೂರು ಸಲ ಬಸ್ಸು ತಪ್ಪಿಸಿಕೊಂಡಿದ್ದು ಅವರ ಕಣ್ಣಾಗ ಕೂತಿತ್ತು. ಅಕಿದು ಇನ್ನೂ ಕಾಯಂ ಆಗದ ನೌಕರಿ, ಸಿಂದಗ್ಯಾಗಿನ ಅವ್ವ ಅದರ ಮ್ಯಾಲನ ಇದ್ಲು. "ನಾಳಿ ಇನ್ಸ್‌ಪೆಕ್ಟರ್ ಸಾಹೇಬ್ರು ಬರ್ತಾರ. ಈ ಹುಡುಗಿ ಹೊತ್ತಿಗಿ ಬರಂಗಿಲ್ಲಂತ ಹೇಳಾವನ ನಾನು" ಅಂತ ಒಂದಿನ ಹೆಡ್ ಮಾಸ್ತರ್ರು ಅಂದುಬಿಟ್ರು. ಪಾಪ, ಅವತ್ತು ಅಕಿ ಊಟನ ಮಾಡಲಿಲ್ಲ.

ಮರುದಿವಸ ಎಲ್ಲಾರಕಿಂತ ಮೊದಲ ಬಸ್ಸಿನ್ಯಾಗ ಅಕಿನ, ಹಣಿ ತುಂಬ ಕುಂಕುಮ ಹಚ್ಚಿ. ಆದ್ರ ಹೆಡ್ ಮಾಸ್ತರ್ರದ್ದ ಪತ್ತೆ ಇಲ್ಲ. ಕಂಡಕ್ಟರ್ ಸೀಟಿ ಊದಾಕ ಬಾಯಿಗಿಟ್ಟ. ನರ್ಸಬಾಯಿ ಅಕಿ ಕಿವ್ಯಾಗ, "ಹೋಗ್ಲಿ ಬಿಡ. ಅವರ ಬರಲಿಲ್ಲಂದ್ರ ಸಾಹೇಬ್ರಿಗಿ ಹೇಳಾವರ್ಯಾರು?" ಅಂದ್ಲು.

ಅಷ್ಟರಾಗ ಓಣಿ ತುದ್ಯಾಗ ಅವರು ಕಂಡ್ರು. ಒಂದ ಕೈಯಾಗ ಧೋತರದ ಚುಂಗು, ತಲಿ ಬೋಳು, ಹಿಂದ ಮಾರುಗಟ್ಲೆ ರುಮಾಲು ಧೂಳಾಗ ಎಳಕೋತ ಓಡಿ ಬರಾಕತ್ತಿದ್ರು. ಹೊಲಿಗಿ ಅಕ್ಕೋರು ಅವರನ್ನ ನೋಡಿದ್ಲು. ಆಮ್ಯಾಲ ಸೆರಗಿಲೆ ಹಣಿ ಒರಸಿಕೊಂಡ್ಲು.

"ಕಾಕಾ, ಬೆವರಿಗಿ ಕುಂಕುಮ ಹೋತ್ರಿ" ಅಂದ್ಲು. ಮೈ ನಡುಗೋ ಥಂಡಿ ಅದು!

ಕಾಕಾ ಇಂಜಿನ್ನ ಬಂದ್ ಮಾಡಿದ. ಹೆಡ್ ಮಾಸ್ತರ್ರು ಏದುಸಿರು ಬಿಡ್ತಾ ಹತ್ತಿದ್ರು, ಅಕಿ ಬರೇ ಹಣಿ ನೋಡಿದ್ರು. ದಿನಾ ರುಮಾಲಿನ ಆ ತುದಿ ಹಿಡೀತಿದ್ದ ಹೆಂಡತಿ ತವರಿಗಿ ಹೋಗಿದ್ಲಂತ. ಕಿಡಕಿ ಸಳಿಗಿ ಕಟ್ಟಿ ಸುತ್ತಗೋಳಾಕ ಹೋದ್ರ ಗಂಟ ಲಗೂನ ಬಿಚ್ಚಲಿಲ್ಲಂತ. ಬರೇ ಹಣಿಯಂಗ ಬರೇ ತಲಿನೂ ಕಾಕಾಗ ಅಪಶಕುನ, ಮಾಸ್ತರ್ರನ್ನ ನೋಡಿ ಅವ ಕೀಲಿ ಮುಟ್ಟಲೇ ಇಲ್ಲ. ಕಂಡಕ್ಟರ್ ರುಮಾಲಿನ ತುದಿ ಹಿಡ್ಕೊಂಡು ಬಸ್ಸಿನ ಹಿಂದಿನ ಸೀಟಿನ ಮಟ ಹೋದ. ಮಂದಿ ತಲಿ ಬಗ್ಗಿಸಿ ಕುಂತ್ರು, ನಾವು ಮೂವರೂ ನಡುವ ಎತ್ತಿ ಹಿಡದ್ವಿ. ಅವರು ತಿರುಗಿ ತಿರುಗಿ ಸುತ್ತಿಕೊಂಡ್ರು. ಕೊನೀಗಿ ಹೊಲಿಗಿ ಅಕ್ಕೋರ ಹಂತೇಕ ಬಗ್ಗಿ ಸಣ್ಣ ದನ್ಯಾಗ, "ಅಕ್ಕೋರ, ಒಂಚೂರು ಕನ್ನಡಿ ಐತೇನ್ರಿ?" ಅಂತ ಕೇಳಿದ್ರು.

ಮಧ್ಯಾಹ್ನ ಸಾಹೇಬ್ರು, ಹೊಲಿಗಿ ಅಕ್ಕೋರು ಹೊತ್ತಿಗಿ ಸರಿಯಾಗಿ ಬರ್ತಾರೇನು ಅಂತ ವಿಚಾರಿಸಿದ್ರು. ಹೆಡ್ ಮಾಸ್ತರ್ರು ಒಮ್ಮಿ ರುಮಾಲು ಮುಟ್ಟಿ ನೋಡಿಕೊಂಡ್ರು.

"ಬರ್ತಾರ್ರಿ ಸಾಹೇಬ್ರ" ಅಂದ್ರು. "ತಾವೂ ಬರ್ತಾರ, ಮತ್ತ ಹಿಂದ ಉಳದವರನ್ನೂ ಕರಕೊಂಡ ಬರ್ತಾರ."