ಬ್ಯಾಂಕಾಕಿಗೆ ಹೋದ ಮಾಮನ ಕೋಟು

ಬ್ಯಾಂಕಾಕಿನಲ್ಲಿ ಎಲ್ಲಿ ಇಳಿದುಕೊಳ್ಳಬೇಕು, ಏನು ತಿನ್ನಬೇಕು, ಎಲ್ಲಿ ತಿರುಗಾಡಬೇಕು ಎಂದು ನೀವು ಯಾರನ್ನು ಬೇಕಾದರೂ ಕೇಳಿ. ನನ್ನ ಮಾಮನನ್ನು ಮಾತ್ರ ಕೇಳಬೇಡಿ! ಮೂರೇ ದಿನ ಇದ್ದು ಬಂದ ಈ ಮಹಾನುಭಾವ ಈಗ ನಮ್ಮ ಹಟ್ಟಿಯಲ್ಲಿ ಆ ಊರಿನ ಏಕೈಕ ಪಂಡಿತ.

ಮಾಮ ಎಂದರೆ ನನ್ನ ಅಮ್ಮನ ಅಣ್ಣ. ನೀಲಗಿರಿಯ ಕೂನೂರಿನ ಹತ್ತಿರ ನಮ್ಮ ಬಡಗ ಜನರ ಹಟ್ಟಿಯಲ್ಲಿ ಎರಡು ಎಕರೆ ಟೀ ತೋಟ, ತಲೆಗೊಂದು ಮಂಕಿ ಟೋಪಿ, ಮೈಗೊಂದು ಉಣ್ಣೆ ಕೋಟು. ಬ್ಯಾಂಕಾಕಿಗೆ ಹೋಗುವವರೆಗೆ ಆ ಕೋಟು ಮೈಯಿಂದ ಇಳಿದದ್ದನ್ನು ನೋಡಿದವರು ಯಾರೂ ಬದುಕಿರಲಿಲ್ಲ! ನಮ್ಮಲ್ಲಿ ಹಿರಿಯರು ಎದುರಾದರೆ ಕಿರಿಯರು ತಲೆ ಬಗ್ಗಿಸಬೇಕು, ಹಿರಿಯರು ಆ ತಲೆಯ ಮೇಲೆ ಕೈಯಿಟ್ಟು ಹರಸಬೇಕು. ಹರಸುವುದರಲ್ಲಿ ಮಾಮನದು ಧಾರಾಳ ಕೈ. ಬಸ್ಸಿನ ಕಂಡಕ್ಟರ್ ಬಿದ್ದ ಪೆನ್ನು ಹೆಕ್ಕಲು ಬಗ್ಗಿದರೂ ಸಾಕು, ಹರಸಿಕೊಂಡೇ ಮೇಲೇಳುತ್ತಾನೆ.

ನನಗೊಬ್ಬಳಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ಏಳು ವರ್ಷದ ಹಿಂದೆ ನಾನು ಗೂಡಲೂರಿನ ಮಲಯಾಳಿ ಹುಡುಗನನ್ನು ಮೆಚ್ಚಿ ಮದುವೆಯಾದೆ. ಮಾಮ ಮದುವೆಗೆ ಬಂದ, ಮೂರು ಸಲ ಪಾಯಸ ಹಾಕಿಸಿಕೊಂಡ. ನಾವಿಬ್ಬರೂ ತಲೆ ಬಗ್ಗಿಸಿದಾಗ ಮಾತ್ರ ಅವನ ಎರಡೂ ಕೈಗಳು ಕೋಟಿನ ಜೇಬು ಸೇರಿದವು! ಅಂದಿನಿಂದ ಮಾತು, ಬೈಗುಳ, ತಮಾಷೆ ಎಲ್ಲವೂ ಇತ್ತು. ತಲೆ ಬಗ್ಗಿಸಿದರೆ ಜೇಬು. ನಾನೂ ನಕ್ಕುಬಿಡುತ್ತಿದ್ದೆ. ಆದರೆ ಮುಂದಿನ ಸಲ ಮತ್ತೆ ತಲೆ ಬಗ್ಗಿಸುತ್ತಿದ್ದೆ.

ಊಟಿಯಲ್ಲಿ ನನ್ನದೊಂದು ಪುಟ್ಟ ಟ್ರಾವೆಲ್ಸ್ ಇದೆ. ಬ್ಯಾಂಕಾಕಿನ ಹೋಟೆಲೊಂದು, ಇಬ್ಬರು ಬಂದು ಮೂರು ದಿನ ಪುಕ್ಕಟೆ ಇದ್ದು ನೋಡಿ, ಆಮೇಲೆ ನಿಮ್ಮ ಗಿರಾಕಿಗಳನ್ನು ಕಳಿಸಿ ಎಂದು ಕರೆಯಿತು. ನನ್ನ ಗಂಡ, "ನನ್ನ ಬದಲು ಮಾಮನ್ನ ಕರ್ಕೊಂಡು ಹೋಗು. ನನ್ನ ಜಾಗ ಅಂತ ಹೇಳ್ಬೇಡ, ಆಮೇಲೆ ಬರಲ್ಲ" ಎಂದರು. ಮಾಮ ಹೊರಟ. ಪಾಸ್‌ಪೋರ್ಟಿನ ಫೋಟೋದಲ್ಲೂ ಅದೇ ಕೋಟು!

ಹೋಟೆಲಿನ ಕೌಂಟರಿನಲ್ಲಿದ್ದ ಹುಡುಗಿ ಕೈಜೋಡಿಸಿ, ತಲೆ ಬಗ್ಗಿಸಿ ಸ್ವಾಗತಿಸಿದಳು. ತಲೆ ಬಗ್ಗಿದ್ದು ಕಂಡಮೇಲೆ ಮಾಮ ಸುಮ್ಮನಿರುತ್ತಾನೆಯೇ? ಅಂಗೈಯನ್ನು ಅವಳ ನೆತ್ತಿಯ ಮೇಲಿಟ್ಟು, "ಒಳ್ಳೆಂಗೆ ಇರು ಕಣ್ಣು, ನೂರು ವರ್ಷ ಬದುಕು" ಎಂದ. ಹುಡುಗಿ ಹೌಹಾರಿ ಹಿಂದಕ್ಕೆ ಸರಿದಳು. ಮ್ಯಾನೇಜರ್ ಓಡಿಬಂದು, ಇಲ್ಲಿ ತಲೆ ಎಂದರೆ ಬಹಳ ಪವಿತ್ರ, ಯಾರೂ ಮುಟ್ಟುವಂತಿಲ್ಲ ಎಂದು ಮೆಲ್ಲಗೆ ತಿಳಿಸಿದ. ನಾನು ನಾಚಿಕೆಯಿಂದ ಕುಗ್ಗಿ ಕ್ಷಮೆ ಕೇಳಿದೆ.

"ಮುಟ್ಟಬಾರದು ಅಂದ್ರೆ ಬಗ್ಗಿಸೋದು ಏಕೆ ಹೆಣ್ಣೇ?" ಎಂದು ಮಾಮ ನನ್ನನ್ನೇ ಕೇಳಿದ.

ಮಾಮನೇ ದಾರಿ ಕಂಡುಕೊಂಡ. ತಲೆಯಿಂದ ಒಂದು ಗೇಣು ಮೇಲೆ, ಗಾಳಿಯಲ್ಲಿ ಕೈ ಹಿಡಿದು ಹರಸುವುದು! ಬ್ಯಾಂಕಾಕೋ, ಹೆಜ್ಜೆಗೊಬ್ಬರು ಕೈಮುಗಿದು ಬಗ್ಗುವ ಊರು. ದೊಡ್ಡ ಮಾಲ್‌ಗೆ ಹೋದೆವು. ಬಾಗಿಲಿನವನು ಬಗ್ಗಿದ, ಲಿಫ್ಟಿನವಳು ಬಗ್ಗಿದಳು, ಸೋಪು ಮಾರುವ ನಾಲ್ವರು ಸಾಲಾಗಿ ಬಗ್ಗಿದರು. ಒಬ್ಬರನ್ನೂ ಬಿಡದೆ ಹರಸಿ ಮೊದಲ ಮಹಡಿ ದಾಟುವಷ್ಟರಲ್ಲಿ ಸಂಜೆಯಾಯಿತು. ನಾನು ನೋಡಬೇಕೆಂದಿದ್ದ ನದಿಯ ದೋಣಿ ಹೊರಟುಹೋಗಿತ್ತು!

ಬೀದಿಯ ಗಾಡಿಯಲ್ಲಿ ನೂಡಲ್ಸ್ ತಿಂದೆವು. ಜೊತೆಗೆ ಐಸ್ ಹಾಕಿದ ಕಿತ್ತಳೆ ಬಣ್ಣದ ಟೀ ಬಂತು. ಜೀವನವಿಡೀ ಟೀ ಬೆಳೆದ ಮಾಮನ ಮುಖ ನೋಡಬೇಕಿತ್ತು! ಗಾಡಿಯ ಹೆಂಗಸಿನಿಂದ ಒಣಪುಡಿ ಕೇಳಿ ಪಡೆದು, ಅಂಗೈಯಲ್ಲಿ ತಿಕ್ಕಿ ಮೂಸಿದ. "ಮುದಿ ಎಲೆ! ಈ ಲೀಫ್ ತಂದ್ರೆ ನಮ್ಮ ಫ್ಯಾಕ್ಟರಿ ಗೇಟಲ್ಲೇ ವಾಪಸ್ ಕಳಿಸ್ತಾರೆ." ಅವಳು ಹೊಗಳಿದನೆಂದು ತಿಳಿದು ಬಗ್ಗಿದಳು. ಮಾಮ ಗಾಳಿಯಲ್ಲಿ ಹರಸಿ, "ಒಳ್ಳೆಂಗಿಲ್ಲೆ. ಇನ್ನೊಂದು ಗ್ಲಾಸ್ ಕೊಡು" ಎಂದ. ಹೀಗೆ ನಾಲ್ಕು ಗ್ಲಾಸ್ ಒಳ್ಳೆಯದಲ್ಲದ ಟೀ ಕುಡಿದ.

ಹೊರಡುವ ಬೆಳಿಗ್ಗೆ ಕೌಂಟರಿನಲ್ಲಿ ಅದೇ ಹುಡುಗಿ. ಈಗ ಅವಳು ಬಗ್ಗಿ, ಕಣ್ಣುಮುಚ್ಚಿ, ಮಾಮನ ಗಾಳಿ ಆಶೀರ್ವಾದಕ್ಕಾಗಿ ಕಾಯುವಷ್ಟು ಪಳಗಿದ್ದಳು. ಎಸಿಯ ಚಳಿಗೆ ಒಂದೇ ಸಮನೆ ಸೀನುತ್ತಿದ್ದಳು. "ಪಾಪ, ಊಟಿಗಿಂತ ಚಳಿ ಇಲ್ಲಿ" ಎಂದವನೇ ಮಾಮ ಕೋಟು ಬಿಚ್ಚಿ ಅವಳ ಹೆಗಲಿಗೆ ಹೊದಿಸಿಬಿಟ್ಟ! ಅವಳು ಬೇಡವೆಂದರೂ ಕೇಳಲಿಲ್ಲ. ಅವಳು ನಗುತ್ತಾ ಕಾಗದವೊಂದನ್ನು ಸಹಿಗೆ ಚಾಚಿದಳು. ಅದರಲ್ಲಿ ಮೊದಲಿದ್ದ ನನ್ನ ಗಂಡನ ಹೆಸರಿಗೆ ಗೀಟು ಹಾಕಿ ಮಾಮನ ಹೆಸರು ಬರೆದಿತ್ತು.

ಮಾಮ ಕನ್ನಡಕ ಏರಿಸಿ ಓದಿದ. "ಇದು ನಿನ್ನ ಗಂಡನ ಜಾಗವಾ?"

"ಹೌದು ಮಾಮಾ. ಅವರೇ ನಿನ್ನನ್ನು ಕರ್ಕೊಂಡು ಹೋಗು ಅಂದ್ರು."

ಮಾಮ ಸಹಿ ಹಾಕಿ ಪೆನ್ನು ಕೆಳಗಿಟ್ಟ. ನಾನು ಪೆಟ್ಟಿಗೆ ಕೆಳಗಿಟ್ಟು ತಲೆ ಬಗ್ಗಿಸಿದೆ. ಏಳು ವರ್ಷದ ಅಭ್ಯಾಸದಂತೆ ಅವನ ಕೈಗಳು ಜೇಬಿಗೆ ಇಳಿದವು. ಜೇಬು ಎಲ್ಲಿದೆ? ಕೋಟು ಕೌಂಟರಿನಲ್ಲಿ ಸೀನುತ್ತಿದೆ! ಕೈಗಳು ಅಂಗಿಯ ಮೇಲೆ ಅತ್ತಿತ್ತ ತಡಕಾಡಿ ನಿಂತವು. ಆಮೇಲೆ ಎರಡೂ ನನ್ನ ನೆತ್ತಿಯ ಮೇಲೆ ಬಂದು ಕೂತವು. ಗಾಳಿಯಲ್ಲಲ್ಲ. ಅಂಗೈಯ ಒರಟು ನನ್ನ ಕೂದಲಿಗೆ ಸಿಕ್ಕಿಕೊಂಡಿತು.

"ಒಳ್ಳೆಂಗೆ ಇರು" ಎಂದ. ಮತ್ತೆ, "ಊರಿಗೆ ಹೋದಮೇಲೆ ಅವನನ್ನೂ ಕರ್ಕೊಂಡು ಬಾ. ಇನ್ನು ನಾನು ಹೊಸ ಕೋಟು ಹೊಲಿಸೋದಿಲ್ಲ" ಎಂದ.

ನಾನು ತಲೆ ಎತ್ತಲೇ ಇಲ್ಲ. ಟ್ಯಾಕ್ಸಿಯವನು ಮೂರು ಸಲ ಹಾರ್ನ್ ಹೊಡೆದ. ಹೊಡೆಯಲಿ ಬಿಡಿ, ಏಳು ವರ್ಷ ಕಾದಿದ್ದೆ ನಾನು!